ಎಡಗಡೆ ಚಕ್ರದ ನಟ್ ಬಿಚ್ಚಲಿಕ್ಕೆ ಬರುದಿಲ್ಲ, ಒಂದು ಸ್ಟಡ್ ತುಂಡೇ ಆಯ್ತು (ಹಳೆ ಜೀಪು)

ಪೆರ್ಲ ತೋಟದವ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುದು ಸುಮಾರು ಸಮಯದಿಂದ ಉಂಟು, ಬರೆಯುದು ಇದೇ ಮೊದಲು. ನಮ್ಮದು ಕಾಸರಗೋಡು ಪೆರ್ಲದ ಹತ್ರ. ಸೋದರಮಾವನ ಹಳೆ ಜೀಪು ಒಂದು, ಮಹೀಂದ್ರಾ ಸಿಜೆ 3ಬಿ, ಆ ಎತ್ತರ ಬಾನೆಟಿಂದು, ಹತ್ತು ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿ ಅಡಕೆ ಗೋಣಿಗಳ ಹಿಂದೆ ನಿಂತಿತ್ತು. ಮಾವ ಈಗ "ನೀನೇ ಕೊಂಡೋಗು ಮಾರಾಯ, ಇದರೊಳಗೆ ಹೆಗ್ಗಣ ಸಂಸಾರ ಮಾಡ್ತಾ ಉಂಟು" ಹೇಳಿ ಕೊಟ್ರು. ಎಂಜಿನ್ ಹೇಗೋ ಸ್ಟಾರ್ಟ್ ಆಯ್ತು, ಬ್ರೇಕ್ ಮಾತ್ರ ಇಲ್ಲವೇ ಇಲ್ಲ, ಹಾಗಾಗಿ ನಾಲ್ಕೂ ಚಕ್ರ ತೆಗೆದು ಡ್ರಮ್ ನೋಡುವ ಅಂತ ಹೊರಟದ್ದು.

ಬಲಗಡೆಯ ಎರಡೂ ಚಕ್ರ ಒಂದಿಷ್ಟು ಬೈಗುಳ ತಿಂದು ಬಂದ್ವು. ಎಡಗಡೆ ಮುಂದಿನದ್ದು ಜಪ್ಪಯ್ಯ ಅಂದ್ರೂ ಇಲ್ಲ. ಸ್ಪಾನರಿಗೆ ನಾಲ್ಕಡಿ ಜಿಐ ಪೈಪ್ ಸಿಕ್ಕಿಸಿ ನಾನು ಅದರ ಮೇಲೆ ಹತ್ತಿ ನಿಂತೆ, ಭಾವ ನನ್ನ ಹೆಗಲು ಹಿಡಿದು ಒತ್ತಿದ, "ಟಕ್" ಅಂತ ಶಬ್ದ ಆಯ್ತು, ಇಬ್ಬರಿಗೂ ಖುಷಿ ಆಯ್ತು, ನೋಡಿದ್ರೆ ನಟ್ಟು ಸ್ಟಡ್ಡಿನ (ಆ ನಟ್ಟು ಕೂರುವ ಬೋಲ್ಟಿನ) ತುಂಡು ಸಮೇತ ಕೈಗೆ ಬಂದಿದೆ.

ಇಲ್ಲಿಯ ಗ್ಯಾರೇಜಿನವನ ಹತ್ರ ಕೇಳಿದ್ರೆ ತುಕ್ಕು ಹಿಡಿದಿದೆ, ಗ್ಯಾಸಲ್ಲಿ ಕಟ್ ಮಾಡುವ ಅಂದ. ರಾತ್ರಿ ಒಬ್ಬ ಅಮೆರಿಕದವನ ವಿಡಿಯೋ ನೋಡಿದೆ, ಹಳೆ ಜೀಪುಗಳಲ್ಲಿ ಡ್ರೈವರ್ ಸೈಡಿನ ನಟ್ಟುಗಳು ಉಲ್ಟಾ ಥ್ರೆಡ್ ಅಂತ ಹೇಳ್ತಾನೆ. ಅಲ್ಲ ಮಾರಾಯ್ರೆ, ನಮ್ಮ ಡ್ರೈವರ್ ಸೈಡ್ ಬಲಗಡೆ, ಅದು ಸೀದಾ ಬಿಚ್ಚಿ ಬಂತು! ಹಾಗಾದ್ರೆ ಇದಕ್ಕೆ ಯಾರಾದ್ರೂ ಸ್ಟಡ್ ಬದಲಾಯಿಸಿದ್ದಾ, ಇಲ್ಲ ಇದು ಬರೀ ತುಕ್ಕಾ? ಉಳಿದ ಒಂದು ಸ್ಟಡ್ಡಿನ ತುದಿಯನ್ನು ಉಜ್ಜಿ ನೋಡಿದೆ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಏನೋ ಕಾಣ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ, ಇನ್ನು ನಾಲ್ಕು ಬಾಕಿ ಉಂಟು, ಹಿಂದಿನ ಚಕ್ರ ಮುಟ್ಟಲೇ ಇಲ್ಲ.

ಸೀತಾಂಗೋಳಿ ಬುಲೆಟ್

ಪೈಪ್ ಕೆಳಗಿಡಿ ಮೊದಲು!! ಎಲ್ ಅಂದ್ರೆ ಲೆಫ್ಟ್ ಥ್ರೆಡ್, ಕ್ಲಾಕಿನ ದಿಕ್ಕಿಗೆ ತಿರುಗಿಸಿದ್ರೆ ಬಿಚ್ಚುದು. ನೀವು ಬಿಚ್ಚುದು ಅಂತ ತಿಳ್ಕೊಂಡು ಇಷ್ಟೂ ಹೊತ್ತು ಬಿಗಿ ಮಾಡಿದ್ದು 😀 ಹಿರಿಯರು ಯಾರಾದ್ರೂ ಬಂದು ವಿವರ ಹೇಳ್ತಾರೆ, ಅಷ್ಟರವರೆಗೆ ಚಾಯ ಕುಡೀರಿ.

ಕುಂಬ್ಳೆ ಹಳೆ ಡ್ರೈವರ್

ತೋಟದವರೇ, ಬೇಜಾರ್ ಮಾಡ್ಕೊಳ್ಬೇಡಿ, ನಿಮ್ಮ ಹಾಗೆ ಸ್ಟಡ್ ಮುರಿದವರ ಲಿಸ್ಟ್ ಮಾಡಿದ್ರೆ ಅದ್ರಲ್ಲಿ ನನ್ನ ಹೆಸರು ಮೇಲೆಯೇ ಉಂಟು. 1978ರಲ್ಲಿ ನಾನು ಒಂದು ಫಾರ್ಗೋ ಲಾರಿಗೆ ಕ್ಲೀನರ್ ಆಗಿ ಸೇರಿದ್ದು, ಮಂಗಳೂರಿಂದ ಮಡಿಕೇರಿ ಕಡೆ ಲೋಡು. ಸಂಪಾಜೆ ದಾಟಿ ಮಳೆಗೆ ಎಡಗಡೆ ಟಯರ್ ಪಂಚರ್, ಡ್ರೈವರಣ್ಣ ಬೀಡಿ ಹಚ್ಚಿ ಆಚೆ ಕೂತ್ರು, ನಾನು ಪಾಪ ಹುಡುಗ, ಅರ್ಧ ಗಂಟೆ ಸ್ಪಾನರಿನ ಮೇಲೆ ಕುಣಿದು ಕುಣಿದು ಒಂದು ಸ್ಟಡ್ ಮುರಿದೆ. ಅವರು ಬಂದು ತಲೆಗೊಂದು ಕೊಟ್ಟು, ಸ್ಪಾನರ್ ತಿರುಗಿಸಿ ಹಾಕಿ ಒಂದೇ ತುಳಿತಕ್ಕೆ ಬಿಚ್ಚಿದ್ರು. ಆಮೇಲೆ ಹೇಳಿಕೊಟ್ಟದ್ದು ಇಷ್ಟೇ: ಎಡ ಚಕ್ರಕ್ಕೆ ಎಡ ಥ್ರೆಡ್, ಬಲ ಚಕ್ರಕ್ಕೆ ಬಲ ಥ್ರೆಡ್. ಮೊದಲೇ ಹೇಳಬಹುದಿತ್ತಲ್ಲ ಅಂತ ನನಗೆ ಈಗಲೂ ಸಿಟ್ಟು ಉಂಟು.

ನಿಮ್ಮ ಆ ಅಮೆರಿಕದವ ಹೇಳಿದ್ದು ಸುಳ್ಳಲ್ಲ, ಅವರಲ್ಲಿ ಡ್ರೈವರ್ ಕೂರುದು ಎಡಗಡೆ, ಅದಕ್ಕೆ ಡ್ರೈವರ್ ಸೈಡ್ ಅಂತಾನೆ. ಸ್ಟಿಯರಿಂಗ್ ಯಾವ ಬದಿ ಇದ್ರೂ ನಟ್ಟಿಗೆ ಸಂಬಂಧ ಇಲ್ಲ. ನೀವು ಸೀಟಲ್ಲಿ ಕೂತು ಮುಂದೆ ನೋಡಿದ್ರೆ ನಿಮ್ಮ ಎಡಗೈ ಬದಿ ಯಾವುದೋ ಅದೇ ಎಡ. ಮುಂದೆಯಿಂದ ಬಂಪರ್ ಹತ್ರ ನಿಂತು ಎಡ ಬಲ ನೋಡಿದವರೂ ಇದ್ದಾರೆ, ಅದೂ ತಪ್ಪು.

ಈಗ ಕೆಲಸದ ಮಾತು. ಸ್ಪಾನರಿನ ಹಿಡಿ ಗಾಡಿಯ ಹಿಂದಿನ ಕಡೆಗೆ ಬರುವ ಹಾಗೆ ಅಡ್ಡ ಸಿಕ್ಕಿಸಿ, ಕೆಳಗೆ ತುಳೀರಿ. ಎಡಗಡೆ ಇರಲಿ ಬಲಗಡೆ ಇರಲಿ, ಇಂಥ ಹಳೆ ಗಾಡಿಯಲ್ಲಿ ಹಾಗೆ ತುಳಿದ್ರೆ ಬಿಚ್ಚುತ್ತದೆ, ಕ್ಲಾಕಿನ ದಿಕ್ಕು ತಲೆಯಲ್ಲಿ ಲೆಕ್ಕ ಹಾಕುವ ಗೋಜೇ ಇಲ್ಲ. ಚಕ್ರ ರಿವರ್ಸ್ ಹೋಗುವ ದಿಕ್ಕಿಗೆ ತಿರುಗಿಸಿದ್ರೆ ಸಡಿಲ, ಮುಂದೆ ಹೋಗುವ ದಿಕ್ಕಿಗೆ ತಿರುಗಿಸಿದ್ರೆ ಬಿಗಿ, ಅಷ್ಟೇ. ನೀವು ಪೈಪನ್ನು ಮುಂದಿನ ಕಡೆ ಹಾಕಿ ಹತ್ತಿ ನಿಂತದ್ದು ಅಂತ ನನಗೆ ಇಲ್ಲಿಂದಲೇ ಕಾಣ್ತಾ ಉಂಟು. (ಈಗಿನ ಕಾರುಗಳಿಗೆ ಇದು ಹಾಕ್ಬೇಡಿ, ಅದರಲ್ಲಿ ನಾಲ್ಕೂ ಚಕ್ರ ಬಲ ಥ್ರೆಡ್ಡೇ.)

ಆದ್ರೆ ನೀವು ಈಗಾಗಲೇ ಎರಡಾಳು ಭಾರ ಹಾಕಿ ಬಿಗಿ ಮಾಡಿದ್ದೀರಿ, ಹಾಗಾಗಿ ಇವತ್ತೇ ಹೋಗಿ ತುಳಿಯಬೇಡಿ. ವಯರ್ ಬ್ರಶ್ಶಲ್ಲಿ ಸ್ಟಡ್ಡಿನ ತುದಿ ಉಜ್ಜಿ, ಡೀಸೆಲಿಗೆ ಒಂಚೂರು ಎಂಜಿನ್ ಆಯಿಲ್ ಸೇರಿಸಿ ಸಂಜೆ ಬೆಳಗ್ಗೆ ಎರಡು ದಿನ ಬಿಡಿ. ನಟ್ಟಿನ ಮೂಲೆಗಳಲ್ಲಿ ಸಣ್ಣ ಗೀರು ಕೊರೆದದ್ದು ಇದ್ಯಾ ನೋಡಿ, ಎಡ ಥ್ರೆಡ್ಡಿನ ನಟ್ಟಿನ ಗುರ್ತು ಅದು. ಚಕ್ರ ನೆಲದಲ್ಲಿ ಇರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕಿ.

ಮತ್ತೆ ಆ ಗ್ಯಾರೇಜಿನವ ಗ್ಯಾಸ್ ವೆಲ್ಡಿಂಗ್ ಮಾಡ್ತಾನೆ ಅಂತಾದ್ರೆ ಅವನ ಹತ್ರ ಒಂದು ಕೇಳಿ: ಅಸಿಟಿಲಿನ್ ಹೋಸಿನ ನಟ್ಟು ಯಾವ ಕಡೆಗೆ ಬಿಚ್ಚುದು ಅಂತ. ಅದೂ ಎಡ ಥ್ರೆಡ್ಡೇ, ಅದರ ನಟ್ಟಿನಲ್ಲೂ ಅದೇ ಗೀರು. ದಿನಾ ಕೈಯಲ್ಲಿ ಹಿಡಿಯುವವ ಜೀಪಿನಲ್ಲಿ ಗುರ್ತ ಹಿಡಿಯಲಿಲ್ಲ ಅಂದ್ರೆ ಎಂತ ಹೇಳುದು.

ಪೆರ್ಲ ತೋಟದವ

ಅಯ್ಯೋ ದೇವರೇ. ಅಣ್ಣ, ಪೈಪ್ ಮುಂದೆ ಇದ್ದದ್ದು ಹೌದು 🙏 ಮತ್ತೆ ಈಗ ಹೊಳೀತು ನೋಡಿ, ತೋಟದಲ್ಲಿ ಹುಲ್ಲು ಕಟ್ ಮಾಡುವ ಮೆಷಿನ್ ಉಂಟಲ್ಲ, ಅದರ ಬ್ಲೇಡಿನ ನಟ್ ನಾನೇ ವಾರಕ್ಕೊಮ್ಮೆ ಉಲ್ಟಾ ತಿರುಗಿಸಿ ಬಿಚ್ಚುದು! ಅದೇ ಜೀಪಿಗೆ ಬಂದಾಗ ತಲೆಗೆ ಹೋಗ್ಲೇ ಇಲ್ಲ. ಆದ್ರೆ ಒಂದು ಅರ್ಥ ಆಗ್ಲಿಲ್ಲ, ಈಗಿನ ಕಾರಿಗೆ ಬೇಡದ್ದು ಆಗ ಯಾಕೆ ಬೇಕಿತ್ತು? ಸುಮ್ಮನೆ ನಮ್ಮಂಥವರನ್ನು ಸತಾಯಿಸಲಿಕ್ಕಾ?

ಹೊಸೂರು ಟೂಲ್‌ರೂಮ್

ನಾನು ಹೊಸೂರಲ್ಲಿ ಟೂಲ್‌ರೂಮ್ ಕೆಲಸ ಮಾಡೋನು, ಬೋಲ್ಟು ನಟ್ಟು ನೋಡಿ ನೋಡಿ ಕಣ್ಣು ಹೋಗಿದೆ, ಹಂಗಾಗಿ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮನೇಲಿ ಒಂದು ಬಳೆ ತಗೊಳಿ, ಅದರೊಳಗೆ ಹಿಡಿಸೋ ಅಂಥ ಒಂದು ಡಬ್ಬಿ ಮುಚ್ಚಳ, ಬಳೆಗಿಂತ ಸ್ವಲ್ಪವೇ ಚಿಕ್ಕದು. ಬಳೆನ ಟೇಬಲ್ ಮೇಲೆ ಅಲ್ಲಾಡದ ಹಾಗೆ ಹಿಡಿದು, ಮುಚ್ಚಳದ ಅಂಚನ್ನ ಬಳೆಯ ಒಳಗಂಚಿಗೆ ಒತ್ತಿ, ಜಾರದಂಗೆ ಕ್ಲಾಕಿನ ದಿಕ್ಕಲ್ಲಿ ಒಂದು ಸುತ್ತು ಉರುಳಿಸಿಕೊಂಡು ಬನ್ನಿ. ಮುಚ್ಚಳದ ಮೇಲೆ ಪೆನ್ನಲ್ಲಿ ಒಂದು ಗೆರೆ ಹಾಕಿದ್ರೆ ಕಾಣುತ್ತೆ, ನೀವು ಸುತ್ತಿಸಿದ್ದು ಕ್ಲಾಕಿನ ದಿಕ್ಕು, ಮುಚ್ಚಳ ತಾನು ತಿರುಗಿರೋದು ಅದರ ಉಲ್ಟಾ, ಒಂಚೂರೇ ಚೂರು. ಬಳೆ ಅಂದ್ರೆ ಚಕ್ರದ ತೂತು, ಮುಚ್ಚಳ ಅಂದ್ರೆ ನಟ್ಟು.

ಎಡ ಚಕ್ರನ ಎಡಗಡೆ ನಿಂತು ನೋಡಿದ್ರೆ ಗಾಡಿ ಮುಂದೆ ಹೋಗುವಾಗ ಅದು ಕ್ಲಾಕಿಗೆ ಉಲ್ಟಾ ಉರುಳುತ್ತೆ. ಗಾಡಿಯ ಭಾರ ಯಾವಾಗ್ಲೂ ಮೇಲಿಂದ ಕೆಳಕ್ಕೇ ಒತ್ತೋದ್ರಿಂದ, ಚಕ್ರದ ಲೆಕ್ಕದಲ್ಲಿ ಆ ಒತ್ತಡ ಕ್ಲಾಕಿನ ದಿಕ್ಕಲ್ಲಿ ಸುತ್ತಿದಂಗಾಗುತ್ತೆ, ನೀವು ಮುಚ್ಚಳ ಒತ್ಕೊಂಡು ಬಂದ್ರಲ್ಲ ಹಂಗೆ. ಆಗ ನಟ್ಟು ತಿರುಗೋದು ಕ್ಲಾಕಿಗೆ ಉಲ್ಟಾ. ಅಲ್ಲಿ ಮಾಮೂಲಿ ಬಲ ಥ್ರೆಡ್ ಇದ್ರೆ ನಟ್ಟು ಬಿಚ್ಕೊಳ್ಳೋ ಕಡೆ ಹೋಗುತ್ತೆ, ಎಡ ಥ್ರೆಡ್ ಇದ್ರೆ ಬಿಗಿ ಆಗೋ ಕಡೆ. ನಿಮ್ಮ ಜೀಪಿನ 6.00-16 ಟಯರ್ ಒಂದು ಕಿಲೋಮೀಟರಿಗೆ ಹತ್ತಿರತ್ತಿರ 450 ಸುತ್ತು ಹಾಕುತ್ತೆ, ಸುತ್ತಿಗೆ ಕೂದಲೆಳೆಯಷ್ಟು ಜರುಗಿದ್ರೂ ಪೆರ್ಲದಿಂದ ಕಾಸರಗೋಡಿಗೆ ಹೋಗೋದ್ರೊಳಗೆ ಎಷ್ಟಾಯ್ತು ಲೆಕ್ಕ ಹಾಕಿ. ಸೈಕಲ್ಲಿನ ಎಡ ಪೆಡಲ್ ಎಡ ಥ್ರೆಡ್ ಇರೋದು ಇದೇ ಕಾರಣಕ್ಕೆ. ತುಂಬಾ ಜನ ಬ್ರೇಕ್ ಹೊಡೆದಾಗ ನಟ್ಟು ತಿರುಗುತ್ತೆ ಅಂತಾರೆ, ನಟ್ಟಿನ ತೂಕಕ್ಕೆ ಅದೆಲ್ಲ ಲೆಕ್ಕಕ್ಕಿಲ್ಲ.

ಆದ್ರೆ ಇದೆಲ್ಲ ನಡೆಯೋದು ನಟ್ಟಿಗೂ ತೂತಿಗೂ ನಡುವೆ ಅಲುಗಾಟ ಇದ್ದಾಗ ಮಾತ್ರ. ನಟ್ಟಿನ ಬುಡ ಕೋನ್ ಶೇಪಲ್ಲಿ ಇದ್ದು ಅದು ಚಕ್ರದ ಟೇಪರ್ (ಒಳಗೆ ಹೋದಂಗೆ ಸಣ್ಣದಾಗೋ) ತೂತಲ್ಲಿ ಸರಿಯಾದ ಬಿಗಿಯಲ್ಲಿ ಕೂತ್ರೆ ಅಲುಗಾಟವೇ ಇಲ್ಲ, ಎಡ ಬಲ ಎರಡೂ ಒಂದೇ. ಅದು ಎಲ್ಲರಿಗೂ ಗೊತ್ತಾಗ್ತಾ ಬಂದಂಗೆ ಕಂಪನಿಗಳು ಎಡ ಥ್ರೆಡ್ ಬಿಟ್ಟವು. ತುಂಬಾ ವರ್ಷ ಹಿಡ್ಕೊಂಡು ಕೂತಿದ್ದು ಕ್ರೈಸ್ಲರ್, ಅವರ ಡಾಡ್ಜ್ ಪ್ಲಿಮತ್ ಕಾರುಗಳಲ್ಲಿ 1970ರ ಆಸುಪಾಸಿನವರೆಗೂ ಇತ್ತು. ಬಾಂಬೆಯಲ್ಲಿ ಪ್ರೀಮಿಯರ್‌ನವರು ಜೋಡಿಸ್ತಿದ್ದ ಡಾಡ್ಜ್ ಪ್ಲಿಮತ್ ಕೂಡ ಅದೇ ಮನೆತನ. ಜೀಪುಗಳಲ್ಲಿ ಇದು ಅಮೆರಿಕದ ವಿಲ್ಲಿಸ್ ಕಂಪನಿಯ ಯುದ್ಧದ ಜೀಪಿಂದಲೇ ಇದೆ, ಮಹೀಂದ್ರಾ ಜೀಪು ಅದರ ವಂಶ, ಹಂಗಾಗಿ ನಿಮ್ಮ ಕೊಟ್ಟಿಗೆವರೆಗೂ ಬಂದಿದೆ.

ಇನ್ನೊಂದು, ಆ ಸ್ಟಡ್ ಅರ್ಧ ಇಂಚಿಂದು, ಇಂಚಿಗೆ 20 ಥ್ರೆಡ್. ಅದಕ್ಕೆ ಬೇಕಾದ ಬಿಗಿ ಸುಮಾರು 75 ಅಡಿ ಪೌಂಡ್, ಅಂದ್ರೆ 100 ನ್ಯೂಟನ್ ಮೀಟರ್ ಅಂದ್ಕೊಳಿ, ಒಂದಡಿ ಸ್ಪಾನರಿನ ತುದಿಗೆ 34 ಕಿಲೋ ತೂಗು ಹಾಕಿದಂಗೆ. ನೀವು ಒಬ್ಬರೇ 70 ಕಿಲೋ ಇದ್ದೀರ ಅಂದ್ರೂ ನಾಲ್ಕಡಿ ಪೈಪಿನ ತುದಿಗೆ ನಿಂತಾಗ 830 ನ್ಯೂಟನ್ ಮೀಟರ್ ಆಯ್ತು. ಭಾವನ ಪಾಲು ಸೇರಿಸಿಲ್ಲ. ಸ್ಟಡ್ ಮುರೀದೆ ಇನ್ನೇನಾಗುತ್ತೆ ಗುರು.

ಅಕ್ಕಲಕೋಟ ಜೀಪ್‌ವಾಲಾ

ನಮಸ್ಕಾರ್ರಿ ಎಲ್ಲಾರಿಗೂ, ಸೋಲಾಪುರ ಜಿಲ್ಲಾ ಅಕ್ಕಲಕೋಟದಿಂದ. ನಮ್ಮ ಕಡೆ ಇದಕ್ಕ ಉಲ್ಟಾ ಚೂಡಿ ಅಂತಾರ್ರಿ. ಹೊಸೂರಿನವರು ಬಳಿ ಹಿಡಕೊಂಡು ಹೇಳಿದ್ದು ಬರೋಬ್ಬರಿ ಆತು, ಹಿಂದಿಯೊಳಗ ಬಳಿಗೂ ಚೂಡೀನ ಅಂತಾರ 😄

ನಾ ಒಂದು ಮಾತು ಹೇಳತೀನಿ, ಕುಂಬ್ಳೆ ಅಣ್ಣಾರು ಸಿಟ್ಟಾಗಬಾರದು. ನನ್ನ ಕಡೆ ಇರೋ ಜೀಪಿಗೆ ನಾ ಎಡಗಡೆ ಎಲ್ಲಾ ತಗಸಿ ಸೀದಾ ಚೂಡಿ ಮಾಡಸೀನಿ, ಆರು ವರ್ಷ ಆತು, ಒಂದು ನಟ್ ಸಡ್ಲ ಆಗಿಲ್ಲ. ಯಾಕ ಮಾಡಸಿದೆ ಅಂದ್ರ ಪಂಚರ್ ಅಂಗಡಿಯಾವರ ಕಾಟಕ್ಕ. ಹೈವೇ ಮ್ಯಾಲ ಒಂದ ಅಂಗಡಿಯೊಳಗ ಹುಡುಗ ಏನೂ ಕೇಳಲಿಲ್ಲ ಮಾಡಲಿಲ್ಲ, ನಟ್ ತಿರಗಸೋ ಗನ್ ತಂದು ಡರ್ರ್ ಅಂತ ಹೊಡದ, ಎರಡು ಸ್ಟಡ್ ಒಮ್ಮಿಗೇ ಕಟ್. ನಾ ಚಾ ಕುಡದು ಬರೂದ್ರಾಗ ಆಗಿ ಹೋಗಿತ್ತು, ಮ್ಯಾಲ "ನಿಮ್ಮ ಗಾಡೀನ ಹಳೇದೈತಿ" ಅಂತ ನನಗ ಬೈದ. ಎಡ ಚೂಡಿ ಇಟ್ಕೋತೀನಿ ಅನ್ನಾವರು ಹಬ್ (ಚಕ್ರದ ನಡುವಿನ ಭಾಗ) ಮ್ಯಾಲ ಕೆಂಪು ಬಣ್ಣದಾಗ ಬಾಣ ಬರೀರಿ, ಪಂಚರ್ ತಗಸುವಾಗ ಗಾಡಿ ಬಿಟ್ಟು ಹೋಗಬ್ಯಾಡ್ರಿ.

ಆದ್ರ ಬದಲಿ ಮಾಡೂದು ಇದ್ರ ಒಂದು ಚಕ್ರದಾಗಿನ ಐದೂ ಮಾಡ್ರಿ, ಆಗೋದಾದ್ರ ಆ ಬಾಜೂದ ಎರಡೂ ಚಕ್ರ. ಮೂರು ಉಲ್ಟಾ ಎರಡು ಸೀದಾ ಅಂತ ಖಿಚಡಿ ಮಾಡಬ್ಯಾಡ್ರಿ.

ಕುಂಬ್ಳೆ ಹಳೆ ಡ್ರೈವರ್

ಸಿಟ್ಟು ಎಂತದು ಮಾರಾಯ್ರೆ. ಆದ್ರೆ ನನ್ನ ಅಭಿಪ್ರಾಯ ಬೇರೆ, ಇಷ್ಟು ವರ್ಷ ಕೂತ ಸ್ಟಡ್ಡನ್ನು ಪಂಚರ್ ಹುಡುಗನ ಹೆದರಿಕೆಗೆ ಕಿತ್ತು ಹಾಕುದು ನನಗೆ ಸರಿ ಕಾಣುದಿಲ್ಲ. ಕಿತ್ತು ಹಾಕುದು ಸುಲಭವೂ ಅಲ್ಲ. ಈ ಜೀಪುಗಳಲ್ಲಿ ಡ್ರಮ್ಮು ಹಬ್ಬಿಗೆ ನಿಂತದ್ದೇ ಆ ಸ್ಟಡ್ಡಿನಿಂದ, ಸ್ಟಡ್ಡಿನ ಕುತ್ತಿಗೆಯನ್ನು ರಿವೆಟ್ಟಿನ ಹಾಗೆ ಅಗಲ ಮಾಡಿ ಕೂರಿಸಿರ್ತಾರೆ. ಅದನ್ನು ಕಡಿದು ತೆಗೀದೆ ಸುತ್ತಿಗೆಯಲ್ಲಿ ಹೊಡೆದು ಹೊರಗೆ ಹಾಕಿದ್ರೆ ಹಬ್ಬಿನ ತೂತು ದೊಡ್ಡದಾಗ್ತದೆ, ಆಮೇಲೆ ಹೊಸ ಸ್ಟಡ್ ಅಲ್ಲಿ ಗಟ್ಟಿ ನಿಲ್ಲುದಿಲ್ಲ, ನಟ್ ತಿರುಗಿಸಿದ್ರೆ ಸ್ಟಡ್ಡೂ ಒಟ್ಟಿಗೆ ತಿರುಗುದು. ತೋಟದವರೇ, ನಿಮ್ಮ ಮುರಿದ ಆ ಒಂದಕ್ಕಾದ್ರೂ ಹಬ್ ಬಿಚ್ಚಿ ಲೇತ್ ಇದ್ದವರ ಹತ್ರ ಕೊಂಡೋಗಿ, ಕುತ್ತಿಗೆ ಕೊರೆದು ಪ್ರೆಸ್ಸಲ್ಲಿ ಒತ್ತಿ ತೆಗೆಸಿ, ಪ್ರೆಸ್ಸಲ್ಲೇ ಹೊಸತು ಕೂರಿಸಿ. ಹೇಗಿದ್ರೂ ಬ್ರೇಕಿಗೆ ಡ್ರಮ್ ಬಿಚ್ಚುದೇ ಅಲ್ವಾ, ಬೇರಿಂಗಿಗೆ ಗ್ರೀಸೂ ಆಗ್ತದೆ.

ಸೀತಾಂಗೋಳಿ ಬುಲೆಟ್

ನಡುವೆ ಒಂದು ಡೌಟು. ಹಳೆ ಎಂಜಿ, ಜಾಗ್ವಾರ್ ಕಾರುಗಳ ತಂತಿ ಚಕ್ರಕ್ಕೆ ನಡುವಲ್ಲಿ ರೆಕ್ಕೆ ಇದ್ದ ಒಂದೇ ದೊಡ್ಡ ನಟ್ ಇರ್ತದಲ್ಲ, ಸುತ್ತಿಗೆಯಲ್ಲಿ ಹೊಡೆದು ಬಿಚ್ಚುದು, ಅದಕ್ಕೂ ಇದೇ ರೂಲಾ?

ಹೊಸೂರು ಟೂಲ್‌ರೂಮ್

ಅಲ್ಲ, ಅದಕ್ಕೆ ಇದನ್ನ ಹಚ್ಚಬೇಡಿ. ಅಲ್ಲಿ ನಟ್ಟು ತೂತಿನ ಒಳಗೆ ಕೂರಲ್ಲ, ಚಕ್ರದ ಮಧ್ಯದ ಕೋನ್‌ನ ಹೊರಗಿಂದ ತಬ್ಬಿಕೊಂಡಿರುತ್ತೆ. ಅಂದ್ರೆ ಬಳೆನೇ ನಟ್ಟು, ಮುಚ್ಚಳ ಚಕ್ರ, ಲೆಕ್ಕ ತಿರುವುಮುರುವು. ನಟ್ಟಿನ ಮೇಲೇ ಬಾಣ ಹಾಕಿ ಯಾವ ಕಡೆ ಬಿಚ್ಚೋದು ಅಂತ ಬರೆದಿರ್ತಾರೆ, ಅದನ್ನ ಓದಿ ಹೊಡೀರಿ. ಸೀತಾಂಗೋಳಿಯಲ್ಲಿ ಯಾರ ಹತ್ರ ಜಾಗ್ವಾರ್ ಇದೆ ಸಾರ್?

ಸೀತಾಂಗೋಳಿ ಬುಲೆಟ್

ಯಾರ ಹತ್ರವೂ ಇಲ್ಲ, ಸುಮ್ಮನೆ ಕೇಳಿದ್ದು.

ಪೆರ್ಲ ತೋಟದವ

ಎಲ್ಲರಿಗೂ ವರದಿ ಒಪ್ಪಿಸ್ತೇನೆ. ಎರಡು ದಿನ ಬದಲು ನಾಲ್ಕು ದಿನ ಡೀಸೆಲ್ ಬಿಟ್ಟೆ, ಮಳೆ ಬಂದದ್ದಕ್ಕೆ ತೋಟಕ್ಕೆ ಮದ್ದು ಬಿಡುವ ಕೆಲಸವೂ ನಿಂತಿತ್ತು. ಇವತ್ತು ಬೆಳಗ್ಗೆ ಪೈಪ್ ಮುಟ್ಟದೆ ಬರೀ ಸ್ಪಾನರ್, ಹಿಡಿ ಹಿಂದಕ್ಕೆ, ಒಂದು ಕಾಲಲ್ಲಿ ತುಳಿದೆ. "ಕಿರ್ರ್" ಅಂತ ಹೇಳಿ ಬಂತು ಮಾರಾಯ್ರೆ! ಮುಂದಿನ ಚಕ್ರದ ಮೂರು ಹಾಗೇ ಬಂದ್ವು. ನಾಲ್ಕನೆಯದ್ದಕ್ಕೆ ಮಾತ್ರ ಬ್ಲೋ ಲ್ಯಾಂಪಲ್ಲಿ ನಟ್ ಸ್ವಲ್ಪ ಬಿಸಿ ಮಾಡ್ಬೇಕಾಯ್ತು. ಅಲ್ಲಿ ಅಪ್ಪ ನಿಂತು ನೋಡ್ತಿದ್ರು, "ಇದು ನಂಗೆ ಗೊತ್ತಿತ್ತು" ಅಂತ ಈಗ ಹೇಳ್ತಾರೆ.

ಹಿಂದಿನ ಚಕ್ರದಲ್ಲಿ ಹೊಸ ಕತೆ. ಮೂರು ನಟ್ ಚೆಂದಕ್ಕೆ ಬಂದ್ವು, ಎರಡು ಬರ್ಲೇ ಇಲ್ಲ. ಈ ಸಲ ಬುದ್ಧಿ ಬಂದಿತ್ತು, ಜೋರು ಮಾಡ್ಲಿಲ್ಲ, ತುದಿ ಉಜ್ಜಿದೆ, ಎರಡರಲ್ಲೂ ಎಲ್ ಇಲ್ಲ. ನಟ್ಟಿನ ಮೂಲೆಯಲ್ಲಿ ಗೀರೂ ಇಲ್ಲ. ಮತ್ತೆ ಸ್ಟಡ್ಡಿನ ಹೊರಗೆ ಕಾಣುವ ಥ್ರೆಡ್ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ, ಫೋಟೋವನ್ನು ಸ್ಟಡ್ ನೆಟ್ಟಗೆ ನಿಂತ ಹಾಗೆ ತಿರುಗಿಸಿದ್ರೆ ಮೂರರಲ್ಲಿ ಗೆರೆ ಎಡಕ್ಕೆ ಏರ್ತದೆ, ಈ ಎರಡರಲ್ಲಿ ಬಲಕ್ಕೆ. ಅಕ್ಕಲಕೋಟದವರು ಹೇಳಿದ ಖಿಚಡಿ ನನ್ನ ಜೀಪಲ್ಲೇ ಬೆಂದಿದೆ! ಮಾವನಿಗೆ ಫೋನ್ ಮಾಡಿದ್ರೆ, ಹೌದು ಯಾವಾಗಲೋ ಒಮ್ಮೆ ಎರಡು ಸ್ಟಡ್ ಹೋಗಿತ್ತು, ಸಿಕ್ಕಿದ್ದು ಹಾಕಿಸಿದೆ ಅಂತಾರೆ. ಅದರ ಮೇಲೆ ಅಡಕೆ ತುಂಬಿಸಿ ಎಷ್ಟು ವರ್ಷ ಓಡಿಸಿದ್ರೋ.

ಈಗ ಮುಂದೆ ಒಂದು ಮುರಿದದ್ದು, ಹಿಂದೆ ಎರಡು ತಪ್ಪಿದ್ದು, ಒಟ್ಟು ಮೂರು ಎಡ ಸ್ಟಡ್ ಬೇಕು, ನಟ್ಟೂ ಮೂರು. ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ್ರೆ ನನ್ನ ಮುಖ ನೋಡ್ತಾರೆ. ಎಡವೇ ಇಡುವ ಅಂತ ಮನಸ್ಸು, ಎಲ್ಲಿ ಸಿಕ್ಕೀತು?

ಕುಂಬ್ಳೆ ಹಳೆ ಡ್ರೈವರ್

ಮಾವನವರಿಗೆ ನನ್ನ ನಮಸ್ಕಾರ ಹೇಳಿ 😀 ಹಾರ್ಡ್‌ವೇರಲ್ಲಿ ಸಿಕ್ಕುದಿಲ್ಲ, ಜೀಪಿನ ಹಳೆ ಸ್ಪೇರ್ ಇಡುವವರ ಹತ್ರವೇ ಕೇಳ್ಬೇಕು, ಮಂಗಳೂರು ಬಂದರಿನಲ್ಲಿ ಒಂದು ಸುತ್ತು ಹಾಕಿ, ಮುರಿದ ತುಂಡು ಮತ್ತು ಒಂದು ಒಳ್ಳೆ ನಟ್ ಕಿಸೆಯಲ್ಲಿ ಇರಲಿ, ಬಾಯಲ್ಲಿ ಹೇಳಿದ್ರೆ ಬಲದ್ದೇ ಕೊಟ್ಟು ಕಳಿಸ್ತಾರೆ. ಅಂಗಡಿಯಲ್ಲೇ ನಟ್ ತಿರುಗಿಸಿ ನೋಡಿ ತನ್ನಿ. ನಟ್ಟಿಗೆ 19ರ ಸಾಕೆಟ್ ಕೂರ್ತದೆ. ಸಾಮಾನ್ಯ ಬೋಲ್ಟಿನ ತಲೆ ಕಡಿದು ಸ್ಟಡ್ ಮಾಡಿಕೊಡ್ತೇನೆ ಅಂತ ಯಾರಾದ್ರೂ ಹೇಳಿದ್ರೆ ಬೇಡ ಹೇಳಿ.

ಹೊಸೂರು ಟೂಲ್‌ರೂಮ್

ಹಾಕುವಾಗ ಟೇಪರ್ ಮೇಲೆ ಗ್ರೀಸ್ ಬಳಿಬೇಡಿ, ಅಷ್ಟೇ ಕೈಬಲಕ್ಕೆ ಜಾಸ್ತಿ ಬಿಗಿಯಾಗಿ ಸ್ಟಡ್ ಎಳೆದುಕೊಳ್ಳುತ್ತೆ. ಒಂದು ಬಿಟ್ಟು ಒಂದು ಬಿಗಿ ಮಾಡ್ತಾ ಬನ್ನಿ, 50 ಕಿಲೋಮೀಟರ್ ಓಡಿಸಿ ಇನ್ನೊಂದ್ಸಲ ಬಿಗಿ ಅಳೆಯೋ ಟಾರ್ಕ್ ಸ್ಪಾನರ್ ಇಟ್ಟು ನೋಡಿ. ಚಕ್ರದ ತೂತುಗಳನ್ನೂ ನೋಡಿ, ಖಿಚಡಿಲಿ ಓಡಿದ ಹಿಂದಿನ ಚಕ್ರದಲ್ಲಿ ತೂತು ಮೊಟ್ಟೆ ಆಕಾರಕ್ಕೆ ಹೋಗಿದ್ರೆ ಆ ಚಕ್ರದ ಡಿಸ್ಕನ್ನೇ ಬದಲಾಯಿಸಿ, ಅದಕ್ಕೆ ಎಡ ಬಲ ಯಾವ ಥ್ರೆಡ್ಡೂ ಉಪಯೋಗಕ್ಕೆ ಬರಲ್ಲ.

ಪೆರ್ಲ ತೋಟದವ

ನೋಡಿದೆ, ಎರಡು ತೂತು ಒಂಚೂರು ಉದ್ದ ಆದ ಹಾಗೆಯೇ ಕಾಣ್ತದೆ. ಸ್ಟೆಪ್ನಿಯ ಡಿಸ್ಕ್ ಒಳ್ಳೆದುಂಟು, ಅದನ್ನೇ ಹಿಂದೆ ಹಾಕ್ತೇನೆ. ಶನಿವಾರ ಭಾವನ ಬೈಕಲ್ಲಿ ಬಂದರಿಗೆ. ಕೆಂಪು ಪೈಂಟ್ ಮಾತ್ರ ಇವತ್ತೇ ತಂದೆ.